ಶರತ್ಕಾಲದ ಕ್ರಾಪಿ ಮತ್ತು ವಾಲೈ ಮೀನಿಗೆ ಚೀಲದ ಸೋನಾರ್: ಹಲವು ವರ್ಷ ಬಳಸಿದವರ ವಿಮರ್ಶೆ

5 ಇಂಚಿನ ಪರದೆ, ನೀರಿಗಿಳಿಸಿದಾಗ ಧ್ವನಿ ಕಳಿಸಿ ಅದರ ಪ್ರತಿಧ್ವನಿಯನ್ನು ಹಿಡಿಯುವ ಟ್ರಾನ್ಸ್‌ಡ್ಯೂಸರ್, 12 ವೋಲ್ಟಿನ ಬ್ಯಾಟರಿ ಮತ್ತು ಇವನ್ನೆಲ್ಲ ತುಂಬಿ ಹೆಗಲಿಗೆ ಹಾಕಿಕೊಳ್ಳಬಹುದಾದ ಒಂದು ಚೀಲ: ಸುಮಾರು 300 ಡಾಲರಿಗೆ ಸಿಗುವ ಈ ಬಗೆಯ ಮೀನು ತೋರಿಸುವ ಸೋನಾರನ್ನು ನಾನು ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳಲ್ಲಿ ಹಲವು ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಬಳಕೆಯ ಬಹುಪಾಲು ನಡೆದಿರುವುದು ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ಮಿನ್ನೆಟೊಂಕ ಮತ್ತು ವಕೋನಿಯ ಸರೋವರಗಳಲ್ಲಿ, ಸೆಪ್ಟೆಂಬರ್ ನಡುವಿನಿಂದ ನೀರು ಹೆಪ್ಪುಗಟ್ಟುವವರೆಗಿನ ವಾರಗಳಲ್ಲಿ. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ಬೆಲೆಯ ಯಂತ್ರಗಳ ಗುಣದೋಷಗಳು ಬಹುಮಟ್ಟಿಗೆ ಒಂದೇ ತೆರನಾಗಿವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಶರತ್ಕಾಲದ ಕ್ರಾಪಿಗೆ ಈ ಯಂತ್ರ ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ, ವಾಲೈ ಮೀನಿಗೆ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ, ಮತ್ತು ಎರಡಕ್ಕೂ ಹೆಚ್ಚು ಉಪಯೋಗವಾಗುವುದು ಪರದೆಯ ಚಿತ್ರವಲ್ಲ, ಅದರ ಮೂಲೆಯಲ್ಲಿ ಸಣ್ಣದಾಗಿ ಕಾಣುವ ನೀರಿನ ಉಷ್ಣತೆಯ ಅಂಕಿ.

ಈ ಕೊನೆಯ ಮಾತಿಗೆ ಕಾರಣವಿದೆ. ಬೇಸಿಗೆಯಲ್ಲಿ ಇಲ್ಲಿನ ಆಳವಾದ ಸರೋವರಗಳ ನೀರು ಎರಡು ಪದರಗಳಾಗಿ ಬೇರ್ಪಟ್ಟಿರುತ್ತದೆ. ಮೇಲೆ ಬಿಸಿಲಿಗೆ ಕಾದ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು, ನಡುವೆ ಥರ್ಮೋಕ್ಲೈನ್ ಎಂಬ ಗಡಿ. ಕೆಳಗಿನ ನೀರಿಗೆ ತಿಂಗಳುಗಟ್ಟಲೆ ಗಾಳಿಯ ಸೋಂಕೇ ಇಲ್ಲದ್ದರಿಂದ ಫಲವತ್ತಾದ ಸರೋವರಗಳಲ್ಲಿ ಅಲ್ಲಿನ ಆಮ್ಲಜನಕ ಬರಿದಾಗುತ್ತದೆ. ಮೀನು ಅಲ್ಲಿಗೆ ಇಳಿಯುವುದಿಲ್ಲ. ಯಂತ್ರದ ಸಂವೇದನೆಯನ್ನು ಹೆಚ್ಚಿಸಿದರೆ ಆಗಸ್ಟಿನಲ್ಲಿ ಈ ಗಡಿ ಪರದೆಯ ಅಡ್ಡಕ್ಕೆ ಮಸುಕಾದ ಪಟ್ಟಿಯಂತೆ ಕಾಣುತ್ತದೆ, ಮೀನಿನ ಗುರುತುಗಳೆಲ್ಲ ಅದರ ಮೇಲೆಯೇ ಇರುತ್ತವೆ. ಸೆಪ್ಟೆಂಬರ್ ಕಳೆದಂತೆ ಮೇಲಿನ ನೀರು ತಣಿದು ಭಾರವಾಗುತ್ತದೆ, ಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ, ಒಂದು ಹಂತದಲ್ಲಿ ಗಡಿ ಒಡೆದು ಇಡೀ ಸರೋವರ ತಳದಿಂದ ಮೇಲಿನವರೆಗೆ ಕಲಸಿಹೋಗುತ್ತದೆ. ಇಲ್ಲಿನವರು ಇದನ್ನು ಟರ್ನೋವರ್ ಎನ್ನುತ್ತಾರೆ. ಆ ದಿನಗಳಲ್ಲಿ ನೀರು ಕದಡಿರುತ್ತದೆ, ಕೊಳೆತ ನೀರುಗಿಡದ ತುಣುಕುಗಳು ತೇಲುತ್ತಿರುತ್ತವೆ, ಕೆಲವೊಮ್ಮೆ ಕೊಳೆತ ಮೊಟ್ಟೆಯಂಥ ವಾಸನೆಯೂ ಬರುತ್ತದೆ. ಮೀನು ಎಲ್ಲೆಂದರಲ್ಲಿ ಚದುರಿ, ಗಾಳಕ್ಕೆ ಬಾಯಿ ಹಾಕುವುದನ್ನೇ ಮರೆತಂತಿರುತ್ತದೆ.

ಯಂತ್ರದ ಉಷ್ಣತಾಮಾಪಕ ಅಳೆಯುವುದು ಮೇಲ್ಮೈ ನೀರನ್ನು ಮಾತ್ರ, ಆದರೆ ಶರತ್ಕಾಲದಲ್ಲಿ ಅಷ್ಟೇ ಸಾಕು. ಅಂಕಿ 60 ಡಿಗ್ರಿ ಫ್ಯಾರನ್‌ಹೀಟಿನ ಮೇಲಿದ್ದರೆ ಮೀನು ಇನ್ನೂ ಬೇಸಿಗೆಯ ಜಾಗಗಳ ಹತ್ತಿರವಿದೆ ಎಂದು ತಿಳಿಯುತ್ತೇನೆ. 50ರಿಂದ 55ರ ನಡುವೆ ಇದ್ದು ನೀರು ಕದಡಿದ್ದರೆ ದೋಣಿಯನ್ನು ಮತ್ತೆ ಟ್ರೇಲರಿಗೆ ಏರಿಸಿ ಬೇರೆ ಸರೋವರಕ್ಕೆ ಹೋಗುತ್ತೇನೆ, ಏಕೆಂದರೆ ಸಣ್ಣ, ಆಳವಿಲ್ಲದ ಸರೋವರಗಳು ಬೇಗ ಕಲಸಿ ತಿಳಿಯಾಗುತ್ತವೆ, ಆಳದವು ನಿಧಾನ. 50ಕ್ಕಿಂತ ಕೆಳಗೆ ಬಂದು ನೀರು ತಿಳಿಯಾಯಿತೆಂದರೆ ವರ್ಷದ ಅತ್ಯುತ್ತಮ ದಿನಗಳು ಶುರುವಾದವೆಂದೇ ಅರ್ಥ. ನವರಾತ್ರಿಯಿಂದ ದೀಪಾವಳಿಯವರೆಗಿನ ದಿನಗಳು ಹೆಚ್ಚುಕಡಿಮೆ ಇವೇ ಆಗಿರುವುದರಿಂದ, ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಮೀನು ಬಿಟ್ಟಿರುವ ಹೊತ್ತಿಗೇ ನನ್ನ ಡಬ್ಬಿ ತುಂಬುತ್ತದೆ ಎಂಬುದು ಬೇರೆ ವಿಷಯ.

ಈಗ ಚಿತ್ರದ ವಿಚಾರ, ಮೊದಲು ಕ್ರಾಪಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಚಪ್ಪಟೆ ಮೈಯ, ಬೆಳ್ಳಿಯ ಬಣ್ಣದ ಮೇಲೆ ಕಪ್ಪು ಚುಕ್ಕೆಗಳ ಈ ಮೀನು ಬೇಸಿಗೆಯಲ್ಲಿ ನೀರುಗಿಡಗಳ ಅಂಚಿನಲ್ಲಿರುತ್ತದೆ. ಗಿಡಗಳು ಕೊಳೆಯತೊಡಗಿ, ತಳದ ನೀರಿಗೂ ಆಮ್ಲಜನಕ ಮುಟ್ಟಿದ ಮೇಲೆ, ದೊಡ್ಡ ಗುಂಪುಗಳಾಗಿ 20ರಿಂದ 30 ಅಡಿ ಆಳದ ಮಡುಗಳ ಮೇಲೆ ನಡುನೀರಿನಲ್ಲಿ ತೂಗುತ್ತಾ ನಿಲ್ಲುತ್ತದೆ. ದಡದ ಗುರುತು, ಗಿಡದ ಗುರುತು ಯಾವುದೂ ಇಲ್ಲದ ಬಯಲು ನೀರಿನಲ್ಲಿ ಇಂಥ ಗುಂಪನ್ನು ಹುಡುಕುವುದು ಸೋನಾರಿಲ್ಲದೆ ಬಹುತೇಕ ಅದೃಷ್ಟದ ಮಾತು. ಸೋನಾರಿದ್ದರೆ ನಿಧಾನವಾಗಿ ದೋಣಿ ನಡೆಸುತ್ತಾ ಹೋದಂತೆ ಪರದೆಯ ನಡುಭಾಗದಲ್ಲಿ ಕಮಾನುಗಳ ಗೊಂಚಲೊಂದು ಮೂಡುತ್ತದೆ. ದೋಣಿ ನಿಂತರೆ ಅದೇ ಮೀನುಗಳು ಕಮಾನಾಗದೆ ಉದ್ದನೆಯ ಗೆರೆಗಳಾಗಿ ಎಳೆದುಕೊಳ್ಳುತ್ತವೆ. ಹೊಸಬರು ಇದನ್ನು ಮೀನಲ್ಲವೆಂದು ಬಿಟ್ಟುಬಿಡುವುದುಂಟು.

ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿರುವ ದೃಶ್ಯ ಇದರ ಮುಂದಿನದು. ಗಾಳಿಯಿಲ್ಲದ ಸಂಜೆ ಟ್ರಾನ್ಸ್‌ಡ್ಯೂಸರನ್ನು ನೆಟ್ಟಗೆ ಇಳಿಬಿಟ್ಟು, ಅದರ ಪಕ್ಕದಲ್ಲೇ ಒಂದು ಔನ್ಸಿನ 16ನೇ ಒಂದು ಭಾಗ ತೂಗುವ ಸಣ್ಣ ಜಿಗ್ಗನ್ನು, ಅಂದರೆ ತಲೆಗೆ ತೂಕದ ಗುಂಡು ಕೂರಿಸಿದ ಗಾಳವನ್ನು, ಬಿಟ್ಟರೆ, ಅದು ಕೆಳಗಿಳಿಯುವುದು ಪರದೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಓರೆಗೆರೆಯಾಗಿ ಕಾಣುತ್ತದೆ. ಮೀನಿನ ಗೆರೆಗಳು 24 ಅಡಿಯಲ್ಲಿದ್ದರೆ ಜಿಗ್ಗನ್ನು 22ರಲ್ಲಿ ನಿಲ್ಲಿಸಬೇಕು, ಏಕೆಂದರೆ ಕ್ರಾಪಿಯ ಕಣ್ಣು, ಬಾಯಿ ಎರಡೂ ಮೇಲ್ಮುಖವಾಗಿರುವುದರಿಂದ ಅದು ಮೇಲೇರಿ ಬಂದು ತಿನ್ನುತ್ತದೆಯೇ ಹೊರತು ತನ್ನಿಂದ ಕೆಳಗಿರುವುದನ್ನು ಗಮನಿಸುವುದು ಅಪರೂಪ. ಗುಂಪಿನಿಂದ ಒಂದು ಗೆರೆ ಬೇರ್ಪಟ್ಟು ಮೇಲಕ್ಕೆ ಬಾಗಿ ಜಿಗ್ಗಿನ ಗೆರೆಯನ್ನು ಸೇರುವುದನ್ನು ನೋಡುತ್ತಿರುವಾಗಲೇ ರಾಡಿನ ತುದಿಯಲ್ಲಿ ಸಣ್ಣಗೆ ತಟ್ಟಿದಂತಾಗುತ್ತದೆ. ಆಗ ಜೋರಾಗಿ ಎಳೆಯಬಾರದು. ಕ್ರಾಪಿಯ ತುಟಿಯ ಚರ್ಮ ಕಾಗದದಷ್ಟು ತೆಳು, ಹರಿದುಹೋಗುತ್ತದೆ. ಬೆಂಡು ಕಟ್ಟಿ ಮಿನ್ನೋ ಎಂಬ ಜೀವಂತ ಮರಿಮೀನನ್ನು ಇಳಿಬಿಡುವವರಿಗೂ ಈ ಆಳದ ಲೆಕ್ಕವೇ ಮುಖ್ಯ, ಮತ್ತು ಆ ಲೆಕ್ಕವನ್ನು ಯಂತ್ರ ಅಡಿಯ ಮಟ್ಟಿಗೆ ಸರಿಯಾಗಿ ಕೊಡುತ್ತದೆ.

ವಾಲೈ ವಿಷಯದಲ್ಲಿ ಮಾತು ಬೇರೆ. ಇದು 1965ರಿಂದ ಮಿನ್ನೆಸೋಟದ ರಾಜ್ಯಮೀನು, ಇಲ್ಲಿ ಗಾಳ ಹಾಕುವವರ ಮೊದಲ ಗುರಿಯೂ ಇದೇ. ಹಗಲಿನಲ್ಲಿ ವಾಲೈ ತಳಕ್ಕೆ ಅಂಟಿಕೊಂಡು, ಅದರಲ್ಲೂ ಶರತ್ಕಾಲದಲ್ಲಿ ಕಡಿದಾದ ಇಳಿಜಾರುಗಳ ಬುಡದಲ್ಲಿ ಇರುತ್ತದೆ. ಸೋನಾರ್ ದುರ್ಬಲವಾಗುವುದು ಸರಿಯಾಗಿ ಅಲ್ಲಿಯೇ. ಅದರ ಧ್ವನಿ ಶಂಕುವಿನಾಕಾರದಲ್ಲಿ ಕೆಳಗಿಳಿಯುತ್ತದೆ. 20 ಡಿಗ್ರಿ ಕೋನವಾದರೆ 30 ಅಡಿ ಆಳದಲ್ಲಿ ಅದು ಸುಮಾರು 10 ಅಡಿ ಅಗಲದ ವೃತ್ತವನ್ನು ನೋಡುತ್ತಿರುತ್ತದೆ. ಸಮತಟ್ಟಾದ ತಳದಲ್ಲಿ ತೊಂದರೆಯಿಲ್ಲ. ಇಳಿಜಾರಿನಲ್ಲಾದರೋ ಆ ವೃತ್ತದೊಳಗಿನ ಅತ್ಯಂತ ಎತ್ತರದ ಜಾಗದಿಂದ ಮೊದಲು ಹಿಂತಿರುಗುವ ಪ್ರತಿಧ್ವನಿಯನ್ನೇ ಯಂತ್ರ ತಳವೆಂದು ಗೆರೆ ಎಳೆಯುತ್ತದೆ, ಅದಕ್ಕಿಂತ ಕೆಳಗೆ ಇಳಿಜಾರಿಗೆ ಒರಗಿ ನಿಂತ ಮೀನು ಆ ಗೆರೆಯೊಳಗೆ ಮುಚ್ಚಿಹೋಗುತ್ತದೆ. ಪರದೆಯಲ್ಲಿ ಒಂದೂ ಗುರುತಿಲ್ಲದ ಇಳಿಜಾರಿನಲ್ಲಿ, ಕಾಲು ಔನ್ಸಿನ ಜಿಗ್ಗಿಗೆ ಕೆಂಪು ಬಾಲದ ಚಬ್ ಮೀನನ್ನು ಸಿಕ್ಕಿಸಿ ತಳ ತಟ್ಟಿಸುತ್ತಾ ಹೋದಾಗ ಒಂದರ ಹಿಂದೊಂದು ವಾಲೈ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ವಾಲೈ ಹುಡುಕುವಾಗ ಮೀನಿನ ಗುರುತಿಗಾಗಿ ಪರದೆ ನೋಡುವುದನ್ನು ಬಿಟ್ಟು, ತಳದ ಸ್ವರೂಪಕ್ಕಾಗಿ ನೋಡುವುದು ಒಳ್ಳೆಯದು. ಗಟ್ಟಿ ಜಲ್ಲಿಯ ತಳವಾದರೆ ಗೆರೆ ದಪ್ಪಗೆ ಉಜ್ವಲವಾಗಿರುತ್ತದೆ, ಕೆಸರಾದರೆ ಮಸುಕಾಗಿ ಹರಡಿಕೊಳ್ಳುತ್ತದೆ. ಜಲ್ಲಿ ಮುಗಿದು ಕೆಸರು ಶುರುವಾಗುವ ಅಂಚು ಸಿಕ್ಕಿದರೆ ವಾಲೈಯ ದಾರಿ ಅರ್ಧ ಸಿಕ್ಕಿದಂತೆ.

ಸಂಜೆಯ ನಂತರವಂತೂ ಯಂತ್ರಕ್ಕೆ ಕೆಲಸವೇ ಇಲ್ಲ. ವಾಲೈಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವಿದ್ದು, ಟಾರ್ಚಿನ ಬೆಳಕಿಗೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ. ಕತ್ತಲಲ್ಲಿ ತನ್ನ ಬೇಟೆಗಿಂತ ಚೆನ್ನಾಗಿ ಕಾಣುವ ಅನುಕೂಲ ಅದಕ್ಕಿದೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರಗಳಲ್ಲಿ ಸಿಸ್ಕೋ ಎಂಬ ಮೀನುಗಳಿರುವ ಸರೋವರಗಳಲ್ಲಿ ಅವು ಮೊಟ್ಟೆಯಿಡಲು ಕಲ್ಲುದಡಗಳಿಗೆ ಬರುವಾಗ ವಾಲೈ ಅವನ್ನು ಹಿಂಬಾಲಿಸಿ ಐದಾರು ಅಡಿ ನೀರಿಗೂ ಬರುತ್ತದೆ. ಅಷ್ಟು ಕಡಿಮೆ ಆಳದಲ್ಲಿ ಸೋನಾರಿನ ವೃತ್ತ ಸುಮಾರು ಎರಡು ಅಡಿ ಅಗಲವಷ್ಟೇ ಇರುತ್ತದೆ, ದೋಣಿಯ ನೆರಳಿಗೇ ಮೀನು ಓಡಿಹೋಗುತ್ತದೆ. ದಡದ ಮೇಲೆ ನಿಂತು ಗಾಳ ಕಟ್ಟಿದ ಉದ್ದನೆಯ ಮರದ ಮೀನನ್ನು ಎಸೆಯುವವನೇ ಆಗ ಜಾಣ. ಉತ್ತರದ ಮಿಲ್‌ಲಾಕ್ಸ್ ಸರೋವರದ ವಿಚಾರವೂ ಪ್ರತ್ಯೇಕ: 1,32,000 ಎಕರೆ ವಿಸ್ತಾರವಿದ್ದರೂ ಅದರ ಗರಿಷ್ಠ ಆಳ 42 ಅಡಿ ಮಾತ್ರ, ಗಾಳಿ ಬೇಸಿಗೆಯಲ್ಲೂ ಅದನ್ನು ಕಲಕುತ್ತಿರುತ್ತದೆ. ಮೇಲೆ ಹೇಳಿದ ಉಷ್ಣತೆಯ ಲೆಕ್ಕವನ್ನು ಅಲ್ಲಿ ಹಾಗೆಯೇ ಅನ್ವಯಿಸಲಾಗದು.

ಇನ್ನು ದೂರುಗಳು. ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂಬದಿಗೆ ಅಂಟಿಸಲು ಕೊಡುವ ರಬ್ಬರಿನ ಹೀರುಬಟ್ಟಲು ಬೇಸಿಗೆಗೆ ಸರಿ. ನೀರು 45 ಡಿಗ್ರಿಗೆ ಬಂದಾಗ ರಬ್ಬರು ಬಿರುಸಾಗಿ, ಹತ್ತು ನಿಮಿಷಕ್ಕೊಮ್ಮೆ ಕಳಚಿ, ಕೇಬಲ್ಲಿನ ಮೇಲೆ ಜೋತಾಡುತ್ತದೆ. ಒಂದು ಮರದ ಪಟ್ಟಿಗೆ ಟ್ರಾನ್ಸ್‌ಡ್ಯೂಸರನ್ನು ಸ್ಕ್ರೂ ಮಾಡಿ, ಬಡಗಿಯ ಕ್ಲ್ಯಾಂಪಿನಿಂದ ದೋಣಿಯ ಅಂಚಿಗೆ ಬಿಗಿದ ಮೇಲೆ ಆ ತಲೆನೋವು ತಪ್ಪಿತು. ಜೊತೆಗೆ ಬಂದ ಸೀಸ-ಆಮ್ಲದ 7 ಆಂಪಿಯರ್-ಗಂಟೆಯ ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ, ತೂಕವೂ ಎರಡು ಕಿಲೋಗಿಂತ ಹೆಚ್ಚು. ಅದೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ದಿನವಿಡೀ ಬರುತ್ತದೆ. ಆದರೆ ಅದನ್ನು ಹಿಮಬಿಂದುವಿಗಿಂತ ತಣ್ಣಗಿರುವ ಗ್ಯಾರೇಜಿನಲ್ಲಿ ಚಾರ್ಜು ಮಾಡಿದರೆ ಹಾಳಾಗುತ್ತದೆ, ಮನೆಯೊಳಗೆ ತಂದು ಬೆಚ್ಚಗಾದ ಮೇಲೆಯೇ ಮಾಡಬೇಕು. ದೋಣಿಯ ವಿದ್ಯುತ್ ಮೋಟಾರಿಗೂ ಸೋನಾರಿಗೂ ಒಂದೇ ಬ್ಯಾಟರಿಯನ್ನು ಕೊಟ್ಟರೆ ಪರದೆಯ ತುಂಬ ಮಳೆ ಸುರಿದಂತೆ ಚುಕ್ಕೆಗಳು ಬರುತ್ತವೆ. ಬಿಸಿಲಿಗೆ ಹಾಕಿಕೊಳ್ಳುವ ಪೋಲರೈಸ್ಡ್ ಕನ್ನಡಕದಿಂದ ನೋಡಿದರೆ ನನ್ನ ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತದೆ. ಕೊಳ್ಳುವವರು ಮುಟ್ಟುವ ಪರದೆಯ ಆಸೆಗೆ ಬೀಳದೆ ಗುಂಡಿಗಳಿರುವುದನ್ನೇ ಆರಿಸಿಕೊಳ್ಳಲಿ. ನವೆಂಬರಿನಲ್ಲಿ ಒದ್ದೆ ಕೈಗವಸು ತೆಗೆದು ಪರದೆ ಒತ್ತುವುದು ಶಿಕ್ಷೆಯೇ ಸರಿ. ಮೀನಿನ ಬೊಂಬೆಗಳನ್ನು ತೋರಿಸುವ ಸ್ವಯಂಚಾಲಿತ ಆಯ್ಕೆಯನ್ನಂತೂ ಮೊದಲ ದಿನವೇ ಮುಚ್ಚಿಬಿಡಬೇಕು. ಅದು ಗಿಡದ ತುಣುಕಿಗೂ, ಗುಳ್ಳೆಗೂ ಮೀನಿನ ಚಿತ್ರ ಬರೆಯುತ್ತದೆ.

ಯಾವ ಜಾಹೀರಾತಿನಲ್ಲೂ ಬರೆಯದ ಒಂದು ಸಂಗತಿ ಇದೆ, ಅದನ್ನು ನಾನು ಯಂತ್ರದ ಅತಿ ದೊಡ್ಡ ಕೊರತೆಯೆಂದೇ ಎಣಿಸುತ್ತೇನೆ, ದೋಷ ಯಂತ್ರದ್ದಲ್ಲವಾದರೂ. 25, 30 ಅಡಿಯಿಂದ ಬೇಗನೆ ಮೇಲೆಳೆದ ಕ್ರಾಪಿಯ ಗಾಳಿಚೀಲ ಒತ್ತಡ ಇಳಿದಂತೆ ಹಿಗ್ಗುತ್ತದೆ. ಕಣ್ಣು ಉಬ್ಬಿ, ಕೆಲವೊಮ್ಮೆ ಹೊಟ್ಟೆಯ ಭಾಗವೇ ಬಾಯಿಗೆ ಬರುತ್ತದೆ. ಅಂಥ ಮೀನನ್ನು ಮತ್ತೆ ನೀರಿಗೆ ಬಿಟ್ಟರೂ ಬಹಳಷ್ಟು ಬದುಕುವುದಿಲ್ಲ. ಸೋನಾರಿಲ್ಲದ ಕಾಲದಲ್ಲಿ ಆ ಮಡುಗಳ ಗುಂಪು ತನ್ನಷ್ಟಕ್ಕೆ ಕ್ಷೇಮವಾಗಿತ್ತು. ಈಗ ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಅದರ ಮೇಲೆ ನಿಲ್ಲಬಹುದು. ಸಣ್ಣದನ್ನು ಬಿಡುತ್ತಾ ದೊಡ್ಡದನ್ನು ಆರಿಸುವ ಪದ್ಧತಿ ಇಷ್ಟು ಆಳದಲ್ಲಿ ನಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಡುಗೆಗೆ ಬೇಕಾದಷ್ಟನ್ನು ಸಿಕ್ಕ ಗಾತ್ರದಲ್ಲೇ ಇಟ್ಟುಕೊಂಡು ರಾಡನ್ನು ಮಡಿಸಬೇಕು, ಇಲ್ಲವೇ ಹದಿನೈದು ಅಡಿಯೊಳಗಿನ ಮೀನನ್ನು ಹುಡುಕಬೇಕು. ಅಡುಗೆಯ ಮಾತಿಗೆ ಬಂದರೆ, ಎರಡೂ ಮೀನಿನ ಮಾಂಸ ಬೆಳ್ಳಗೆ, ವಾಸನೆ ಕಡಿಮೆ. ಕರಾವಳಿಯ ಕಾಣೆಗೆ ಒಗ್ಗಿದ ನಾಲಿಗೆಗೆ ರವೆ ಹಚ್ಚಿ ಹುರಿದ ವಾಲೈ ಸುಲಭವಾಗಿ ಒಪ್ಪುತ್ತದೆ. ಸೋಮವಾರ ಕಚೇರಿಯಲ್ಲಿ "ಮೀನು ಸಿಕ್ಕಿತಾ ಮಾರಾಯ್ರೇ?" ಎಂದು ವಿಚಾರಿಸುವ ಉಡುಪಿಯ ಹಿರಿಯರೊಬ್ಬರಿಗೆ ಕ್ರಾಪಿಯೇ ಹೆಚ್ಚು ಇಷ್ಟ.

ಸರೋವರದಿಂದ ಹೊರಬರುವಾಗ ಟ್ರಾನ್ಸ್‌ಡ್ಯೂಸರನ್ನೂ ಕೇಬಲ್ಲನ್ನೂ ಒರೆಸಲು ಮರೆಯಬಾರದು. ಮಿನ್ನೆಟೊಂಕದಲ್ಲಿ 2010ರಲ್ಲಿ ಜೀಬ್ರಾ ಮಸೆಲ್ ಎಂಬ ಪರದೇಶದ ಚಿಪ್ಪುಜೀವಿ ಪತ್ತೆಯಾದಂದಿನಿಂದ, ದೋಣಿಯ ಬಿರಡೆ ತೆಗೆದು ನೀರು ಬಸಿಯುವುದು, ಗಿಡದ ಚೂರುಗಳನ್ನು ಕಿತ್ತುಹಾಕುವುದು, ಬೇಡವಾದ ಮರಿಮೀನುಗಳನ್ನು ನೀರಿಗೆ ಚೆಲ್ಲದೆ ಕಸಕ್ಕೆ ಹಾಕುವುದು ಇಲ್ಲಿ ಎಲ್ಲರೂ ಬಲ್ಲ ಕಾನೂನು. ಕೇಬಲ್ಲಿಗೆ ಸುತ್ತಿಕೊಂಡ ಒಂದೆಳೆ ಗಿಡಕ್ಕೂ ಅದು ಅನ್ವಯಿಸುತ್ತದೆ.

ದೋಣಿಯಿಲ್ಲದೆ ದಡದಿಂದ, ಕಟ್ಟೆಯಿಂದ ಗಾಳ ಹಾಕುವವರಿಗೆ ಈ ಯಂತ್ರವನ್ನು ನಾನು ಶಿಫಾರಸು ಮಾಡುವುದಿಲ್ಲ. ಹತ್ತು ಡಾಲರಿನ ತೇಲುವ ಉಷ್ಣತಾಮಾಪಕ, ಮತ್ತು ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ತನ್ನ ಲೇಕ್‌ಫೈಂಡರ್ ತಾಣದಲ್ಲಿ ಉಚಿತವಾಗಿ ಕೊಡುವ ಆಳದ ನಕ್ಷೆ, ಇವೆರಡು ಅವರಿಗೆ ಸಾಕು. ಅದೇ ತಾಣದಲ್ಲಿ ಯಾವ ಸರೋವರಕ್ಕೆ ಯಾವ ವರ್ಷ ವಾಲೈ ಮರಿಗಳನ್ನು ಬಿಡಲಾಗಿದೆ ಎಂಬ ವಿವರವೂ ಸಿಗುತ್ತದೆ. ದೋಣಿ ಅಥವಾ ಕಯಾಕ್ ಇದ್ದು, ಕ್ರಾಪಿಯಲ್ಲಿ ಆಸಕ್ತಿಯಿರುವವರು ಧಾರಾಳವಾಗಿ ಕೊಳ್ಳಬಹುದು. ಕೊಳ್ಳುವಾಗ ಡಿಸೆಂಬರಿನ ನಂತರ ಮಂಜುಗಡ್ಡೆಯ ತೂತಿನಲ್ಲಿ ಇಳಿಬಿಡಲು ಬೇಕಾಗುವ ಪ್ರತ್ಯೇಕ ಟ್ರಾನ್ಸ್‌ಡ್ಯೂಸರ್ ಚೀಲದೊಳಗೆ ಇದೆಯೇ ಎಂದು ಕೇಳಿಕೊಳ್ಳಲಿ, ಅದನ್ನು ಆಮೇಲೆ ಬಿಡಿಯಾಗಿ ಕೊಳ್ಳುವುದು ದುಬಾರಿ.