ಒಂದೇ ತಾಮ್ರದ ನೀರು, ಮೂರು ಉತ್ತರ: ಸೀ ಅರ್ಚಿನ್ ವೀರ್ಯವೋ, ಭ್ರೂಣವೋ, ಆರ್ಟೀಮಿಯಾವೋ?

ಲೀಟರಿಗೆ 100 ಮೈಕ್ರೋಗ್ರಾಂ ತಾಮ್ರ ಬೆರೆಸಿದ ಕಡಲ ನೀರು. ನೀರಿನಲ್ಲಿ ವಿಷ ಇದೆಯಾ ಅಂತ ಪುಟ್ಟ ಜೀವಿಗಳಿಂದ ತಿಳಿಯುವ ಮೂರು ಪರೀಕ್ಷೆಗೆ ಅದನ್ನೇ ಹಂಚಿದೆ. ಆರ್ಟೀಮಿಯಾ ಅನ್ನುವ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳು ಎರಡು ದಿನ ಕಳೆದರೂ ಆರಾಮಾಗಿ ಈಜಾಡಿಕೊಂಡಿದ್ದವು. ಕಡಲ ತಳದಲ್ಲಿ ಬಾಳುವ ಮುಳ್ಳುಚೆಂಡಿನಂಥ ಪ್ರಾಣಿ ಸೀ ಅರ್ಚಿನ್‌ನ ಭ್ರೂಣಗಳಲ್ಲಿ ಮುಕ್ಕಾಲು ಪಾಲು ಸೊಟ್ಟಗಾಗಿದ್ದವು. ಸೀ ಅರ್ಚಿನ್ ವೀರ್ಯದ ಪರೀಕ್ಷೆ ಮಾತ್ರ ಮೊದಲ ಸಲ ‘ಏನೂ ಇಲ್ಲ’ ಅಂದಿತು, ಮರುದಿನ ‘ಭಾರೀ ವಿಷ’ ಅಂದಿತು. ನೀರು ಅದೇ. ಎಡವಟ್ಟು ನನ್ನದು. ಅದನ್ನು ಆಮೇಲೆ ಹೇಳುತ್ತೇನೆ.

ಆರ್ಟೀಮಿಯಾ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಣಗಿದ ಮೊಟ್ಟೆ ಡಬ್ಬದಲ್ಲಿ ಬರುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಉಪ್ಪುನೀರಿಗೆ ಹಾಕಿ ಗಾಳಿ ಬೆಳಕು ಕೊಟ್ಟರೆ ಒಂದು ದಿನದಲ್ಲಿ ಮರಿ. ಸತ್ತಿದೆಯೋ ಬದುಕಿದೆಯೋ ಅಂತ ಎಣಿಸಿದರೆ ಕೆಲಸ ಮುಗಿಯಿತು. ಆದರೆ ಇದು ವಿಪರೀತ ಉಪ್ಪಿನ ಕೆರೆಗಳಲ್ಲಿ ಬಾಳುವ ಗಟ್ಟಿ ಪಿಂಡ. ತಾಮ್ರಕ್ಕೆ ಸಾಯಬೇಕಾದರೆ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲೇ ಸುರಿಯಬೇಕು. ಅದು ಬದುಕಿತು ಅಂತ ನೀರು ಚೆನ್ನಾಗಿದೆ ಅನ್ನೋಕಾಗುತ್ತಾ?

ಸೀ ಅರ್ಚಿನ್ ಕಥೆ ಬೇರೆ. ನಾನು ಬಳಸಿದ್ದು ಪ್ಯಾರಾಸೆಂಟ್ರೋಟಸ್ ಲಿವಿಡಸ್ ಎಂಬ ಜಾತಿ. ಮುಳ್ಳಿನ ಚೆಂಡನ್ನು ಹೊರಗಿನಿಂದ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಬಾಯಿಯ ಸುತ್ತ ಇರುವ ಮೆತ್ತನೆ ಪೊರೆಗೆ ಸೂಜಿ ಚುಚ್ಚಿ ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಬಿಡಬೇಕು. ಮೆಲ್ಲಗೆ ಅಲ್ಲಾಡಿಸಿ ಕಾಯಬೇಕು. ಒಂದೆರಡು ನಿಮಿಷದಲ್ಲಿ ನೆತ್ತಿಯ ಐದು ತೂತುಗಳಿಂದ ಏನೋ ಜಿನುಗುತ್ತದೆ. ಕಿತ್ತಳೆ ಬಣ್ಣವಾದರೆ ಹೆಣ್ಣು, ಗಟ್ಟಿ ಹಾಲಿನ ಹಾಗಿದ್ದರೆ ಗಂಡು. ಹೆಣ್ಣನ್ನು ಬೀಕರ್ ಮೇಲೆ ತಲೆಕೆಳಗು ಮಾಡಿ ಕೂರಿಸಿದರೆ ಮೊಟ್ಟೆಗಳು ಎಳೆಎಳೆಯಾಗಿ ನೀರಿಗೆ ಇಳಿಯುತ್ತವೆ. ಎಷ್ಟು ಸಲ ಮಾಡಿದರೂ ಈ ಗಳಿಗೆಯಲ್ಲಿ ಫೋನ್ ನೋಡಬೇಕು ಅನಿಸುವುದಿಲ್ಲ.

ವೀರ್ಯವನ್ನು ನೀರು ತಾಗಿಸದೆ ಪಿಪೆಟ್‌ನಲ್ಲಿ ಎಳೆದು ಐಸ್ ಮೇಲೆ ಇಡಬೇಕು. ಹಾಗಿದ್ದರೆ ಗಂಟೆಗಟ್ಟಲೆ ತಡೆಯುತ್ತದೆ. ಕಡಲ ನೀರು ತಾಗಿತೋ, ಈಜು ಶುರು, ಶಕ್ತಿ ಖಾಲಿ. ಒಮ್ಮೆ ನೀರು ಬೆರೆಸಿಟ್ಟು ಯಾರೋ ಕರೆದರು ಅಂತ ಅರ್ಧ ಗಂಟೆ ಹೋಗಿ ಬಂದೆ. ಏನೂ ಬೆರೆಸದ ಶುದ್ಧ ಕಡಲ ನೀರಿನ ಟ್ಯೂಬ್‌ನಲ್ಲೇ ನೂರಕ್ಕೆ ನಲವತ್ತು ಮೊಟ್ಟೆ ಮಾತ್ರ ಫಲಿಸಿದ್ದವು. ಇಡೀ ದಿನದ ಕೆಲಸ ಸಿಂಕ್‌ಗೆ.

ವೀರ್ಯದ ಪರೀಕ್ಷೆಯ ದೊಡ್ಡ ಲಾಭ ವೇಗ. ವೀರ್ಯವನ್ನು 20 ನಿಮಿಷ ಪರೀಕ್ಷೆಯ ನೀರಿನಲ್ಲಿ ಇಡು, ಮೊಟ್ಟೆ ಸೇರಿಸು, ಇನ್ನೊಂದು 20 ನಿಮಿಷ ಬಿಡು, ಫಾರ್ಮಲಿನ್ ಹಾಕು, ಎಣಿಸು. ಫಲಿಸಿದ ಮೊಟ್ಟೆಯ ಸುತ್ತ ತೆಳು ಪೊರೆಯೊಂದು ಎದ್ದು ನಿಂತಿರುತ್ತದೆ, ಗಾಜಿನ ಬಳೆ ತೊಡಿಸಿದ ಹಾಗೆ. ಇದೆ, ಇಲ್ಲ, ಅಷ್ಟೇ. ಮಧ್ಯಾಹ್ನ ಶುರು ಮಾಡಿದರೆ ಸಂಜೆಗೆ ಉತ್ತರ.

ಈಗ ನನ್ನ ಎಡವಟ್ಟು. ಮೊದಲ ಸಲ ವೀರ್ಯ ಧಾರಾಳವಾಗಿ ಹಾಕಿದ್ದೆ. ತಾಮ್ರ ಅರ್ಧಕ್ಕರ್ಧ ವೀರ್ಯಾಣುಗಳನ್ನು ಕೆಡಿಸಿದರೂ ಉಳಿದವೇ ಎಲ್ಲ ಮೊಟ್ಟೆಗೆ ಸಾಕಾಗಿ ಮಿಗುತ್ತಿದ್ದವು. ವಿಷ ಇತ್ತು, ಕಾಣಲಿಲ್ಲ. ಶುದ್ಧ ನೀರಿನಲ್ಲಿ ನೂರಕ್ಕೆ ನೂರು ಫಲಿಸಿದ್ದನ್ನು ನೋಡಿ ನಾನು ಖುಷಿಪಟ್ಟಿದ್ದೆ. ಅದೇ ಅಪಾಯದ ಗುರುತು ಅಂತ ಆಮೇಲೆ ಹೊಳೆಯಿತು. ಮರುದಿನ ಶುದ್ಧ ನೀರಿನಲ್ಲಿ ತೊಂಬತ್ತರ ಆಸುಪಾಸು ಮಾತ್ರ ಫಲಿಸುವಷ್ಟಕ್ಕೆ ವೀರ್ಯ ಇಳಿಸಿದೆ. ತಾಮ್ರದ ನೀರಿನಲ್ಲಿ ಮೂವತ್ತೂ ದಾಟಲಿಲ್ಲ.

ಭ್ರೂಣದ ಪರೀಕ್ಷೆಯಲ್ಲಿ ಈ ತಲೆನೋವಿಲ್ಲ. ಶುದ್ಧ ನೀರಿನಲ್ಲೇ ಮೊಟ್ಟೆ ಫಲಿಸಿಕೊಂಡು, ಅದು ಮೊದಲ ಸಲ ಎರಡು ಕೋಶವಾಗಿ ಸೀಳುವ ಮುಂಚೆ ಪರೀಕ್ಷೆಯ ನೀರಿಗೆ ಬಿಡುತ್ತೇವೆ. 20 ಡಿಗ್ರಿಯಲ್ಲಿ 48 ಗಂಟೆ ಕಾಯಬೇಕು. ಕಾದದ್ದಕ್ಕೆ ಸಿಗುವ ಮಾಹಿತಿ ನೋಡಿ! ಅಷ್ಟರಲ್ಲಿ ಭ್ರೂಣ ಪ್ಲೂಟಿಯಸ್ ಅನ್ನುವ ಈಜುವ ಮರಿಯಾಗಿರುತ್ತದೆ; ಆರೋಗ್ಯವಾಗಿರುವ ಮರಿಗೆ ನಾಲ್ಕು ತೋಳು, ಒಳಗೆ ಸುಣ್ಣದ ಕಡ್ಡಿಗಳು. ನನ್ನ ತಾಮ್ರದ ನೀರಿನಲ್ಲಿ ತೋಳು ಮೋಟು, ಕಡ್ಡಿಗಳು ಒಂದರ ಮೇಲೊಂದು ಅಡ್ಡಾದಿಡ್ಡಿ. ಲಿಥಿಯಂ ಹಾಕಿದರೆ ಇನ್ನೂ ವಿಚಿತ್ರ: ಕರುಳು ಒಳಗೆ ಮಡಚಿಕೊಳ್ಳುವ ಬದಲು ಹೊರಗೆ ಚಾಚುತ್ತದೆ. ಇದನ್ನು ಜರ್ಮನ್ ಜೀವವಿಜ್ಞಾನಿ ಕರ್ಟ್ ಹರ್ಬ್ಸ್ಟ್ 1892ರಲ್ಲೇ ಬರೆದಿಟ್ಟಿದ್ದರು. ಸತು ಜಾಸ್ತಿಯಾದರೆ ಇದರ ಉಲ್ಟಾ, ಕರುಳೇ ಇಲ್ಲದ ರೋಮದ ಉಂಡೆ. ವೀರ್ಯದ ಪರೀಕ್ಷೆ ಹೌದು ಅಥವಾ ಅಲ್ಲ ಅನ್ನುತ್ತದೆ. ಭ್ರೂಣ ಎಲ್ಲಿ ಏಟು ಬಿತ್ತು ಅಂತಲೂ ತೋರಿಸುತ್ತದೆ.

ಒಂದು ಕಿರಿಕಿರಿ ಇದೆ. ತೋಳು ಸ್ವಲ್ಪ ಗಿಡ್ಡ, ಉಳಿದದ್ದೆಲ್ಲ ಸರಿ. ಇದು ಸೊಟ್ಟವೋ ಸರಿಯೋ? ಪಕ್ಕದ ಬೆಂಚಿನವರೂ ನಾನೂ ಒಂದೇ ಸ್ಲೈಡ್ ಎಣಿಸಿದಾಗ ನೂರರಲ್ಲಿ ಹನ್ನೊಂದರ ವ್ಯತ್ಯಾಸ ಬಂತು. ಆಮೇಲೆ ಚಿತ್ರ ಬರೆದು ಗೋಡೆಗೆ ಅಂಟಿಸಿಕೊಂಡೆವು.

ಹಾಗಾದರೆ ಭ್ರೂಣವೇ ಗೆದ್ದಿತು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ, ಕಡಲ ತಳದ ಕೆಸರಿನಿಂದ ಹಿಂಡಿದ ನೀರು ಕೈಗೆ ಬರುವವರೆಗೆ. ಭ್ರೂಣಗಳು ಹೆಚ್ಚುಕಡಿಮೆ ಎಲ್ಲವೂ ಹಾಳು. ಲೋಹ ಇರಬೇಕು ಅಂತ ಓಡಾಡಿದೆ. ವೀರ್ಯದ ಪರೀಕ್ಷೆಯಲ್ಲಿ ನೋಡಿದರೆ ಏನೂ ಆಗಿಲ್ಲ. ಈ ಸಲ ವೀರ್ಯದ ಪ್ರಮಾಣವೂ ಸರಿಯಾಗಿಯೇ ಇತ್ತು. ಆಗ ಅಮೋನಿಯಾ ಅಳೆದೆವು. ಸಿಕ್ಕಿಬಿತ್ತು. ಕೆಸರಿನಲ್ಲಿ ಸುಮ್ನೆ ಕೊಳೆಯುವ ಜೀವಾಂಶದಿಂದಲೂ ಅಮೋನಿಯಾ ಬರುತ್ತದೆ. ಭ್ರೂಣಕ್ಕೆ ಅದು ತೀರಾ ಕಡಿಮೆ ಪ್ರಮಾಣದಲ್ಲೇ ತಾಗುತ್ತದೆ, ವೀರ್ಯ ಅದನ್ನು ಎಷ್ಟೋ ಪಾಲು ತಾಳಿಕೊಳ್ಳುತ್ತದೆ. ಎರಡರ ಉತ್ತರ ಬೇರೆಬೇರೆ ಬಂದಿದ್ದೇ ಸುಳಿವು ಕೊಟ್ಟಿತು.

ಈಗ ಕೆಸರಿನ ನೀರು ಬಂದರೆ ಎರಡನ್ನೂ ಒಟ್ಟಿಗೆ ಮಾಡುತ್ತೇನೆ, ಹೇಗೂ ಅವೇ ಪ್ರಾಣಿಗಳ ಮೊಟ್ಟೆ, ವೀರ್ಯ ಅಲ್ವಾ. ಬರೀ ಲೋಹದ ಅನುಮಾನ ಇದ್ದು ಎರಡು ದಿನ ಕೈಯಲ್ಲಿದ್ದರೆ ಭ್ರೂಣ. ಸಂಜೆಗೇ ಉತ್ತರ ಬೇಕು ಅಂದರೆ ವೀರ್ಯ, ಅದೂ ಪ್ರಮಾಣ ಹೊಂದಿಸಿಕೊಂಡ ಮೇಲೆ. ಇದೆಲ್ಲ ಸೀ ಅರ್ಚಿನ್ ಮೈಯಲ್ಲಿ ಮೊಟ್ಟೆ, ವೀರ್ಯ ತುಂಬಿಕೊಂಡ ಕಾಲದ ಮಾತು. ಹಂಗಾಮು ಮುಗಿದ ಮೇಲೆ ಎಂಟು ಪ್ರಾಣಿಗೆ ಚುಚ್ಚಿ ಒಂದು ಹನಿಯೂ ಸಿಗದೆ, ಎಂಟನ್ನೂ ತೊಟ್ಟಿಗೆ ವಾಪಸ್ ಬಿಟ್ಟ ದಿನಗಳಿವೆ. ಅಂಥ ದಿನ ಕಪಾಟಿನ ಮೂಲೆಯಿಂದ ಆರ್ಟೀಮಿಯಾ ಡಬ್ಬ ಹೊರಬರುತ್ತದೆ.