ಕೆನೆ ಬಣ್ಣದ ಲೆದರ್ ಸೀಟಿಗೆ ಎರಡು ಬಾಟಲಿ: ಆರು ತಿಂಗಳ ಬಳಕೆಯ ನಂತರ

ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಗೆ ಒಂದು ಉಬ್ಬು ಇರುತ್ತದಲ್ಲ, ಹತ್ತುವಾಗ ಇಳಿಯುವಾಗ ತೊಡೆ ಉಜ್ಜುವ ಜಾಗ, ನನ್ನ ಕಾರಿನಲ್ಲಿ ಅದು ಬೂದು ಬಣ್ಣಕ್ಕೆ ತಿರುಗಿತ್ತು. ಉಳಿದ ಸೀಟೆಲ್ಲ ಕೆನೆ ಬಣ್ಣ. ಕಾರಿಗೆ ಎಂಟು ವರ್ಷ, ನಾನು ತೆಗೆದುಕೊಂಡದ್ದು ಸೆಕೆಂಡ್ ಹ್ಯಾಂಡ್. ಅಲ್ಲಿ ಬಣ್ಣವೇ ಹೋಗಿಬಿಟ್ಟಿದೆ, ಮತ್ತೆ ಬಣ್ಣ ಹೊಡೆಸದೆ ಗತಿಯಿಲ್ಲ ಎಂದು ಒಂದು ವರ್ಷ ನಂಬಿಕೊಂಡಿದ್ದೆ. ಬಣ್ಣ ಹೋಗಿರಲಿಲ್ಲ. ಅದರ ಮೇಲೆ ಕೊಳೆ ಕೂತಿತ್ತು, ಅಷ್ಟೆ.

ಅದು ಗೊತ್ತಾದದ್ದು ಈ ಕಿಟ್ ತಂದ ಮೇಲೆ. ಪೆಟ್ಟಿಗೆಯಲ್ಲಿ ನಾಲ್ಕು ವಸ್ತು: ಒತ್ತಿದರೆ ನೊರೆಯಾಗಿ ಬರುವ ಕ್ಲೀನರ್, ಸೀಟಿಗೆ ಹಚ್ಚುವ ಬಿಳಿ ಕ್ರೀಮ್, ಅಂಗೈಯಲ್ಲಿ ಹಿಡಿಯುವಂಥ ಮೃದು ಬ್ರಷ್, ಒಂದು ಮೈಕ್ರೋಫೈಬರ್ ಬಟ್ಟೆ. ಇದೇ ಬಗೆಯ ಕಿಟ್ಟನ್ನು ಬೇಕಾದಷ್ಟು ಕಂಪನಿಗಳು ಮಾಡುತ್ತವೆ. ನಾನು ಬರೆಯುತ್ತಿರುವುದು ಎರಡು ಬಾಟಲಿಗಳಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡಿತು, ಯಾವುದು ಅರ್ಧ ಮಾಡಿತು ಎಂಬುದನ್ನು. ಕ್ಲೀನರ್‌ಗೆ ನನ್ನ ಪೂರ್ತಿ ಅಂಕ. ಕ್ರೀಮಿನ ವಿಷಯ ಬೇರೆ, ಆಮೇಲೆ ಬರುತ್ತೇನೆ.

ಈಗಿನ ಕಾರುಗಳ ಲೆದರ್ ಎಂದರೆ ಬಹುಪಾಲು ಬರಿಯ ಚರ್ಮವಲ್ಲ. ಹದ ಮಾಡಿದ ಚರ್ಮ, ಅದರ ಮೇಲೆ ಬಣ್ಣದ ಪದರ, ಅದಕ್ಕೂ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳ್ಳಗಿನ ಪಾರದರ್ಶಕ ಲೇಪ. ನಮ್ಮ ಬಟ್ಟೆ, ಬೆವರು, ಕೈಯ ಜಿಡ್ಡು ಮುಟ್ಟುವುದು ಈ ಲೇಪವನ್ನು, ಚರ್ಮವನ್ನಲ್ಲ. ಸೀಟು ಹಾಳಾಗುವುದೂ ಅಲ್ಲಿಂದಲೇ. ಜಿಡ್ಡಿನ ಮೇಲೆ ಧೂಳು ಕೂರುತ್ತದೆ, ಧೂಳಿನಲ್ಲಿ ಸಣ್ಣ ಮರಳಿನ ಕಣ ಇರುತ್ತದೆ, ನಾವು ದಿನಕ್ಕೆ ನಾಲ್ಕು ಸಲ ಅದರ ಮೇಲೆ ಜಾರಿ ಕೂರುತ್ತೇವೆ. ಉಪ್ಪುಕಾಗದದ ಕೆಲಸವೇ ಅದು. ಲೇಪ ಸವೆದರೆ ಕೆಳಗಿನ ಬಣ್ಣ, ಬಣ್ಣ ಸವೆದರೆ ಚರ್ಮ. ಮೇಲಿನಿಂದ ಬಿಸಿಲು ಬೇರೆ ಒಣಗಿಸುತ್ತಿರುತ್ತದೆ.

ಹಾಗಾಗಿ ಸೀಟಿಗೆ ರಕ್ಷಣೆ ಎಂದರೆ ನನ್ನ ಮಟ್ಟಿಗೆ ಮೊದಲು ಕೊಳೆ ತೆಗೆಯುವುದು. ಹಚ್ಚುವುದೆಲ್ಲ ಆಮೇಲಿನ ಮಾತು.

ಕ್ಲೀನರ್ ಬಳಸಿದ ರೀತಿ ಹೇಳುತ್ತೇನೆ. ಮೊದಲು ವ್ಯಾಕ್ಯೂಮ್, ಹೊಲಿಗೆಯ ಸಂದಿಯವರೆಗೂ. ಇದನ್ನು ಬಿಟ್ಟರೆ ಬ್ರಷ್ಷೇ ಮರಳನ್ನು ಸೀಟಿಗೆ ಉಜ್ಜುತ್ತದೆ. ಆಮೇಲೆ ನೊರೆಯನ್ನು ಸೀಟಿಗಲ್ಲ, ಬ್ರಷ್ಷಿಗೆ ಹಾಕಿಕೊಂಡೆ. ಬಾಗಿಲ ಕಡೆಯ ಆ ಬೂದು ಉಬ್ಬಿನಲ್ಲಿ ಅಂಗೈಯಷ್ಟು ಜಾಗ ಆರಿಸಿ, ಬ್ರಷ್ಷಿನ ಭಾರ ಮಾತ್ರ ಬೀಳುವಂತೆ ಸುತ್ತ ಸುತ್ತ ತಿರುಗಿಸಿದೆ. ಹತ್ತು ಸುತ್ತು ಆಗುವಷ್ಟರಲ್ಲಿ ಬಿಳಿ ನೊರೆ ಚಹಾದ ಬಣ್ಣಕ್ಕೆ ಬಂತು. ನೊರೆ ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆಯಲ್ಲಿ ಕಂದು ಪಟ್ಟೆ, ಸೀಟಿನಲ್ಲಿ ಕೆನೆ ಬಣ್ಣದ ಒಂದು ಚೌಕ. ಅದರೊಳಗೆ ಚರ್ಮದ ಸಣ್ಣ ಸಣ್ಣ ಗೆರೆಗಳು, ಬೆರಳ ತುದಿಯ ರೇಖೆಗಳ ಹಾಗೆ, ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಅಷ್ಟು ದಿನ ಆ ಜಾಗ ನುಣ್ಣಗೆ ಹೊಳೆಯುತ್ತಿತ್ತು, ಗೆರೆಗಳೆಲ್ಲ ಜಿಡ್ಡಿನಲ್ಲಿ ಮುಚ್ಚಿಹೋಗಿದ್ದವು. ಎರಡನೇ ಸಲ ನೊರೆ ಹಾಕಿದಾಗ ಕೊಳೆ ಸ್ವಲ್ಪವೇ ಬಂತು. ಮೂರನೇ ಸಲಕ್ಕೆ ನೊರೆ ಬಿಳಿಯಾಗಿಯೇ ಉಳಿಯಿತು, ಅಲ್ಲಿಗೆ ನಿಲ್ಲಿಸಿದೆ.

ಹೊಳಪಿನ ವಿಷಯದಲ್ಲಿ ತುಂಬ ಜನ ಮೋಸಹೋಗುತ್ತಾರೆ. ಹೆಚ್ಚಿನ ಕಾರುಗಳ ಲೆದರ್ ಕಾರ್ಖಾನೆಯಿಂದ ಬರುವಾಗ ಹೊಳೆಯುವುದಿಲ್ಲ, ಮಂದವಾಗಿಯೇ ಇರುತ್ತದೆ. ಅಂಥ ಸೀಟು ಹೊಳೆಯತೊಡಗಿದರೆ ಒಂದೋ ಜಿಡ್ಡು ಕೂತಿದೆ, ಇಲ್ಲವೇ ಮೇಲಿನ ಲೇಪ ಸವೆದು ನುಣುಪಾಗಿದೆ. ಈ ಕಾರು ತಂದ ಹೊಸದರಲ್ಲಿ ಒಂದು ಕಡೆ ತೊಳೆಯಲು ಕೊಟ್ಟಿದ್ದೆ. ಅವರು ಸೀಟಿಗೆಲ್ಲ ಏನೋ ಸ್ಪ್ರೇ ಹೊಡೆದು ಮಿರಮಿರ ಮಿಂಚಿಸಿ ಕೊಟ್ಟರು. ನೋಡಲು ಚೆಂದವಿತ್ತು. ಬ್ರೇಕ್ ಹಾಕಿದಾಗಲೆಲ್ಲ ಅಮ್ಮ ಸೀಟಿನಿಂದ ಮುಂದಕ್ಕೆ ಜಾರುತ್ತಿದ್ದರು. ಹದಿನೈದು ದಿನಕ್ಕೆ ಅದೇ ಎಣ್ಣೆಯಂಶಕ್ಕೆ ಧೂಳು ಮೆತ್ತಿ ಹೊಲಿಗೆಗಳೆಲ್ಲ ಕಪ್ಪಾದವು. ಆ ಕಪ್ಪು ತೆಗೆಯಲು ಈಗ ಈ ಕ್ಲೀನರ್ ಹೆಚ್ಚು ಖರ್ಚಾಯಿತು. ಹೊಲಿಗೆಯ ದಾರ ಪೂರ್ತಿ ಮೊದಲಿನ ಹಾಗಾಗಲಿಲ್ಲ, ಮುಕ್ಕಾಲು ಪಾಲು ಸರಿಹೋಯಿತು.

ಒಂದು ತಪ್ಪನ್ನೂ ಬರೆಯಬೇಕು. ಕಿಟ್ ತರುವ ಮೊದಲು, ಗೋಡೆಯ ಕಲೆ ಉಜ್ಜುವ ಬಿಳಿ ಮೆಲಮೈನ್ ಸ್ಪಂಜಿನಿಂದ ಹಿಂದಿನ ಸೀಟಿನ ಒಂದು ಮೂಲೆ ಉಜ್ಜಿದ್ದೆ. ಕೊಳೆ ಕ್ಷಣದಲ್ಲಿ ಹೋಯಿತು. ಸ್ಪಂಜು ತಿರುಗಿಸಿ ನೋಡಿದರೆ ಅದರಲ್ಲಿ ಕೊಳೆಯ ಜೊತೆ ಕೆನೆ ಬಣ್ಣವೂ ಇತ್ತು. ಆ ಸ್ಪಂಜು ಕೈಗೆ ಮೃದು ಅನಿಸಿದರೂ ಕೆಲಸ ಮಾಡುವುದು ಅತಿ ನಯವಾದ ಉಪ್ಪುಕಾಗದದಂತೆ. ಉಗುರಿನಷ್ಟು ಅಗಲದ ಮಂಕು ಕಲೆ ಅಲ್ಲಿ ಇವತ್ತಿಗೂ ಇದೆ, ಯಾವ ಕ್ರೀಮೂ ಅದನ್ನು ಮುಚ್ಚಲಿಲ್ಲ. ಸ್ಯಾನಿಟೈಸರ್, ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ, ಇವೂ ಕಲೆಯ ಜೊತೆ ಲೇಪವನ್ನೇ ಕರಗಿಸಬಲ್ಲವು. ಬಟ್ಟೆ ಒಗೆಯುವ ಪುಡಿಯೂ ಬೇಡ. ಲೆದರ್ ಸ್ವಲ್ಪ ಆಮ್ಲೀಯ, ಆ ಪುಡಿ ಕ್ಷಾರೀಯ. ಕ್ಲೀನರ್ ಬಾಟಲಿಯ ಮೇಲೆ ಪಿಎಚ್ ಸಮತೋಲನದ ಮಾತು ಬರೆದಿರುವುದು ಸುಮ್ಮನೆ ಅಲ್ಲ.

ಕ್ಲೀನರ್ ಸೋತದ್ದು ಒಂದೇ ಕಡೆ. ಮಗಳು ಹಿಂದಿನ ಸೀಟಿನಲ್ಲಿ ಕೂತು ಹೋಮ್‌ವರ್ಕ್ ಮಾಡುವಾಗ ಬಾಲ್‌ಪೆನ್ನಿನಿಂದ ಬಿದ್ದ ಗೆರೆ. ಬಿದ್ದು ಎಷ್ಟು ದಿನವಾಗಿತ್ತೋ, ಶಾಯಿ ಲೇಪದೊಳಗೆ ಇಳಿದುಬಿಟ್ಟಿತ್ತು. ಮೂರು ಸಲ ಪ್ರಯತ್ನಿಸಿ ಬಿಟ್ಟೆ. ಅದನ್ನು ತೆಗೆಯುವಷ್ಟು ತೀಕ್ಷ್ಣವಾದ ದ್ರವ ಹಾಕಿದರೆ ಗೆರೆಯ ಬದಲು ಅಗಲವಾದ ಮಚ್ಚೆ ಉಳಿಯುತ್ತದೆ. ಜೀನ್ಸಿನ ನೀಲಿ ಮಾತ್ರ ಚೆನ್ನಾಗಿ ಬಂತು. ನಾನು ವಾರಕ್ಕೆ ನಾಲ್ಕು ದಿನ ಜೀನ್ಸ್ ಹಾಕುವವನು, ಕೂರುವ ಜಾಗವೆಲ್ಲ ತೆಳು ನೀಲಿಯಾಗಿತ್ತು. ಅದು ಹಳೆಯದಾಗಿರಲಿಲ್ಲ, ಅದಕ್ಕೇ ಬಂತು. ತಿಂಗಳುಗಟ್ಟಲೆ ಬಿಸಿಲಲ್ಲಿ ಬೆಂದ ನೀಲಿ ಇಷ್ಟು ಸುಲಭಕ್ಕೆ ಬಿಡುವುದಿಲ್ಲ.

ಇನ್ನು ಕ್ರೀಮ್. ಬಾಟಲಿಯ ಮೇಲೆ ಚರ್ಮದ ಆಳಕ್ಕೆ ಇಳಿದು ಪೋಷಿಸುತ್ತದೆ ಎಂದು ಬರೆದಿದೆ. ಲೇಪ ಇರುವ ಸೀಟಿನಲ್ಲಿ ಕ್ರೀಮ್ ಆಳಕ್ಕೆ ಇಳಿಯಲು ದಾರಿ ಎಲ್ಲಿದೆ? ಮೇಲೆಯೇ ಉಳಿಯುತ್ತದೆ. ಬೇಕಾದರೆ ನೀವೇ ನೋಡಿ: ಸೀಟಿನ ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಮುತ್ತಿನಂತೆ ನಿಂತರೆ ಲೇಪ ಇದೆ. ಹೀರಿಕೊಂಡು ಜಾಗ ಕಪ್ಪಾದರೆ ಅದು ಅನಿಲೀನ್ ಬಗೆಯ, ಅಂದರೆ ಮೇಲೆ ಬಣ್ಣದ ಪದರವಿಲ್ಲದ ಲೆದರ್ ಇರಬಹುದು, ಇಲ್ಲವೇ ಅಲ್ಲಿ ಲೇಪ ಸವೆದಿರಬಹುದು. ಅನಿಲೀನ್ ಆದರೆ ಅದಕ್ಕೆಂದೇ ಬರುವ ಕ್ಲೀನರ್ ಬೇಕು, ಈ ನೊರೆ ಹಾಕಬೇಡಿ. ಲೆದರ್ ಸೀಟು ಎಂದು ಕೊಂಡ ಕಾರಿನಲ್ಲೂ ಬೆನ್ನು ತಾಗುವ, ಕೂರುವ ಭಾಗ ಮಾತ್ರ ಲೆದರ್ ಆಗಿದ್ದು, ಪಕ್ಕ ಮತ್ತು ಹಿಂಬದಿ ವಿನೈಲ್ ಎಂಬ ಪ್ಲಾಸ್ಟಿಕ್ ಆಗಿರುವುದು ಸಾಮಾನ್ಯ. ಅಲ್ಲಿಗೆ ಪೋಷಿಸುವ ಕ್ರೀಮ್ ಹಚ್ಚುವುದು ದಂಡ. ಅಲ್ಕಾಂಟಾರ ಆದರೆ ಅದು ಚರ್ಮವೇ ಅಲ್ಲ, ಸಿಂಥೆಟಿಕ್ ಎಳೆಗಳ ಬಟ್ಟೆ.

ಹಾಗಂತ ಕ್ರೀಮ್ ಕೆಲಸಕ್ಕೆ ಬಾರದ್ದೂ ಅಲ್ಲ. ಎರಡೂ ಬದಿಯ ಉಬ್ಬುಗಳಿಗೂ ಕೂರುವ ಜಾಗಕ್ಕೂ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ಒರೆಸಿದೆ. ಕೈಗೆ ಅಂಟಲಿಲ್ಲ, ಹೊಳಪು ಬರಲಿಲ್ಲ, ವಾಸನೆ ಎರಡು ದಿನಕ್ಕೆ ಹೋಯಿತು. ಪಕ್ಕದ ಸೀಟಿಗೆ ಬೇಕೆಂದೇ ಹಚ್ಚಲಿಲ್ಲ, ನನ್ನ ಸೀಟಿಗೆ ಮಾತ್ರ ಹಚ್ಚಿದೆ. ತಿಂಗಳಾದ ಮೇಲೆ ನನ್ನ ಸೀಟಿನ ಜೀನ್ಸ್ ನೀಲಿ ಬರೀ ಒದ್ದೆ ಬಟ್ಟೆಗೇ ಬಂದುಬಿಟ್ಟಿತು. ನಾನು ಅಷ್ಟಾಗಿ ಕೂರದ ಪಕ್ಕದ ಸೀಟಿನಲ್ಲಿದ್ದ ಒಂದಿಷ್ಟು ನೀಲಿಗೆ ಮಾತ್ರ ನೊರೆ ಬೇಕಾಯಿತು. ಸೀಟಿನ ಒಳಬದಿಯ ಉಬ್ಬು ಎರಡು ಸೀಟುಗಳ ನಡುವಿನ ಬಾಕ್ಸಿಗೆ ಉಜ್ಜಿ ಕಿರ್ರ್ ಎನ್ನುತ್ತಿತ್ತು, ಅದೂ ನಿಂತಿತು. ಎರಡು ತಿಂಗಳ ನಂತರ ಈ ಗುಣ ಇಳಿಯುತ್ತಾ ಬಂತು, ಮತ್ತೆ ಹಚ್ಚಿದೆ. ಅಂದರೆ ಇದು ಸವೆಯಲೆಂದೇ ಹಚ್ಚುವ ಒಂದು ಪದರ, ಬಣ್ಣದ ಬದಲು ತಾನು ಸವೆಯುತ್ತದೆ. ಪೋಷಣೆ ಎಂಬ ಮಾತು ಬಿಟ್ಟು ಇಷ್ಟನ್ನೇ ಬರೆದಿದ್ದರೆ ನನಗೆ ತಕರಾರು ಇರುತ್ತಿರಲಿಲ್ಲ. ಈಗಾಗಲೇ ಬಿರುಕು ಬಿಟ್ಟ ಜಾಗಕ್ಕೆ ಇದು ಏನೂ ಮಾಡುವುದಿಲ್ಲ. ಬಿರುಕಿಗೆ ಫಿಲ್ಲರ್ ತುಂಬಿ ಬಣ್ಣ ಹಚ್ಚುವುದೊಂದೇ ದಾರಿ.

ಒಳಗಿನ ಫ್ಯಾನಿನಿಂದ ಗಾಳಿ ಬರಲೆಂದು ಸಣ್ಣ ತೂತುಗಳಿರುವ ಸೀಟಿನವರು ಜೋಪಾನ. ದ್ರವ ನೇರವಾಗಿ ಹೊಡೆದರೆ ತೂತಿನೊಳಗೆ ಇಳಿದು ಕೆಳಗಿನ ಫೋಮು, ಫ್ಯಾನು ಒದ್ದೆಯಾಗುತ್ತವೆ. ಕ್ರೀಮ್ ಅಂತೂ ತೂತುಗಳಲ್ಲಿ ಬಿಳಿ ಚುಕ್ಕಿಯಾಗಿ ಒಣಗುತ್ತದೆ. ನನ್ನ ಸೀಟಿನ ನಡುಭಾಗದಲ್ಲಿ ಹಾಗಾಗಿ, ಹಲ್ಲುಕಡ್ಡಿ ಹಿಡಿದು ಒಂದೊಂದೇ ತೆಗೆಯುತ್ತಾ ಒಂದು ಗಂಟೆ ಕೂತೆ. ಇಷ್ಟೆಲ್ಲ ಯಾಕೆ, ಕವರ್ ಹಾಕಿಬಿಡು ಎಂದವರೂ ಇದ್ದಾರೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಹೊಲಿಗೆ ಬಿಚ್ಚಿಕೊಂಡೇ ಹೊರಗೆ ಬರಬೇಕು. ಅದಕ್ಕೆ ತಕ್ಕಂತೆ ಮಾಡಿರದ ಕವರ್ ಅದನ್ನು ತಡೆಯಬಹುದು. ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರಿಗೆ ನಾನು ಅದನ್ನು ಹಾಕಲಾರೆ.

ಕೆಲಸ ಮುಗಿದ ಮರುದಿನ ಅಮ್ಮ ಹತ್ತಿ ಕೂತವರು ಅಂಗೈಯಿಂದ ಸೀಟು ಸವರಿ, “ಒದ್ದೆ ಏನಾದ್ರೂ ಇದೆಯೇನೋ? ತಣ್ಣಗಿದೆ” ಎಂದರು. ಒದ್ದೆ ಇರಲಿಲ್ಲ. ಜಿಡ್ಡಿಲ್ಲದ ಲೆದರ್ ಕೈಗೆ ಹಾಗೆಯೇ ಒಣ, ತಣ್ಣಗೆ ಸಿಗುತ್ತದೆ.

ಆರು ತಿಂಗಳಲ್ಲಿ ಪೂರ್ತಿ ಸೀಟುಗಳನ್ನು ಎರಡು ಸಲ ನೊರೆ ಹಾಕಿ ತೊಳೆದಿದ್ದೇನೆ, ಒಂದು ಸೀಟಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ನಡುವೆ ವಾರಕ್ಕೊಮ್ಮೆ ಒದ್ದೆ ಬಟ್ಟೆ, ಅಷ್ಟೆ. ಬಿಸಿಲಿಗೆ ನಿಲ್ಲಿಸುವಾಗ ಮುಂದಿನ ಗಾಜಿಗೆ ಸನ್‌ಶೇಡ್ ಇಡುತ್ತೇನೆ. ಕೈಗೆ ಸನ್‌ಸ್ಕ್ರೀನ್ ಅಥವಾ ಸೊಳ್ಳೆಯ ಕ್ರೀಮ್ ಹಚ್ಚಿಕೊಂಡವರಿಗೆ ಅದು ಒಣಗಿದ ಮೇಲೆ ಕೂರಿ ಎನ್ನುತ್ತೇನೆ, ಏಕೆಂದರೆ ಕೆಲವು ಸೊಳ್ಳೆ ಕ್ರೀಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಲೇಪವನ್ನು ಮೆತ್ತಗಾಗಿಸಬಲ್ಲದು.

ಕ್ಲೀನರ್ ತಳ ಕಂಡಿದೆ, ಕ್ರೀಮ್ ಇನ್ನೂ ಅರ್ಧದ ಮೇಲಿದೆ, ಬ್ರಷ್ಷಿನ ಒಂದು ಕೂದಲೂ ಬಾಗಿಲ್ಲ. ಮುಂದಿನ ಸಲ ಕಿಟ್ ತರುವುದಿಲ್ಲ, ಕ್ಲೀನರ್ ಒಂದನ್ನೇ ದೊಡ್ಡ ಬಾಟಲಿಯಲ್ಲಿ ತರುತ್ತೇನೆ.