ಹಳೇ ಕ್ಯಾಂಪರ್ ಗಾಡಿಯ ಹೀಟರ್‌ಗೆ ಬೇರೆ ದುಡ್ಡು ಕೊಡಬೇಡಿ

ದಾವಣಗೆರೆಯಲ್ಲಿ ಹಳೇ ಟೆಂಪೋ ಟ್ರಾವೆಲರ್‌ಗೆ ಹಾಸಿಗೆ, ಒಲೆ ಕೂರಿಸಿ ಕ್ಯಾಂಪರ್ ಅಂತ ಮಾರಿದರು. ಹೀಟರ್ ಇದೆ ಅಂತ ಮಾತಾಡಿದ ರೇಟಿನ ಮೇಲೆ 25,000 ಜಾಸ್ತಿ ಕೇಳಿದರು. ಕೊಟ್ಟೆ. 12 ವೋಲ್ಟಿನ 2 ಕಿಲೋವ್ಯಾಟ್ ಡೀಸೆಲ್ ಹೀಟರ್, ಅಂದರೆ ಡೀಸೆಲ್ ಸುಟ್ಟು ಗಾಡಿ ಒಳಗೆ ಬಿಸಿ ಗಾಳಿ ಬಿಡೋದು. ಮೇಲಿನ ಡಬ್ಬಿ ಫಳಫಳ ಹೊಳೀತಿತ್ತು.

ಯಾಮಾರಿದ್ದು ಎಲ್ಲಿ ಅಂದರೆ, ನೋಡೋಕೆ ಹೋದಾಗ ಹೀಟರ್ ಆಗಲೇ ಓಡ್ತಿತ್ತು. ಎಂಜಿನ್ನೂ ಚಾಲೂ. ಬಾಗಿಲು ಪೂರ್ತಿ ತೆರೆದಿತ್ತು. "ಕೈ ಇಡ್ರಿ ಸರ್, ಹೆಂಗೈತಿ ನೋಡ್ರಿ!" ಕೈ ಇಟ್ಟೆ. ಬಿಸಿ ಗಾಳಿ. ಕುರಿ ಥರ ತಲೆ ಆಡಿಸಿದೆ.

ಈ ಹೀಟರಿನ ಬಣ್ಣ ಬಯಲಾಗೋದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ. ಶುರುವಿನ ಒಂದೆರಡು ನಿಮಿಷ ಗ್ಲೋ ಪ್ಲಗ್ (ಕೆಂಪಗೆ ಕಾದು ಡೀಸೆಲ್ ಹತ್ತಿಸೋ ಕಡ್ಡಿ) ಸುಮಾರು 8–10 ಆಂಪಿಯರ್ ಎಳೆಯುತ್ತೆ. ಸವೆದ ಪ್ಲಗ್, ಸಣ್ಣ ವೈರು, ಸೋತ ಬ್ಯಾಟರಿ ಎಲ್ಲಾ ಆವಾಗಲೇ ಕೈ ಕೊಡೋದು. ಎಂಜಿನ್ ಓಡ್ತಿದ್ದರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ 14 ವೋಲ್ಟ್ ಕೊಟ್ಟು ಎಲ್ಲಾ ಮುಚ್ಚಿಹಾಕುತ್ತೆ. ಬಾಗಿಲು ತೆರೆದಿದ್ದರೆ ಹೊಗೆ ವಾಸನೆಯೂ ಇಲ್ಲ. ಅವರಿಗೆ ಇದೆಲ್ಲ ಗೊತ್ತಿತ್ತು ಅನ್ನೋದೇ ಉರಿ.

ಮನೆ ಮುಂದೆ ಎಂಜಿನ್ ಆಫ್ ಮಾಡಿ ಹೀಟರ್ ಹಾಕಿದೆ. ಪಂಪು ಟಕ್ ಟಕ್, ಬಿಳಿ ಹೊಗೆ, ಬಂದ್. ಮತ್ತೆ ಹಾಕಿದೆ. ಮತ್ತೆ ಬಿಳಿ ಹೊಗೆ, ಬಂದ್. ಬಿಳಿ ಹೊಗೆ ಅಂದರೆ ಡೀಸೆಲ್ ಬರ್ತಿದೆ, ಹತ್ತಿಕೊಳ್ತಿಲ್ಲ.

ಫೋನ್ ಮಾಡಿದರೆ, "ಚಳಿಗಾಲ ಬರ್ಲಿ ಬಿಡ್ರಿ, ತಾನಾಗೇ ಸರಿ ಹೋಗ್ತೈತಿ." ಚಳಿ ಬಂದರೆ ಹೀಟರ್ ರಿಪೇರಿ ಆಗುತ್ತಂತೆ! ಎರಡನೇ ಸಲ, "ನಿಮಗೆ ಆನ್ ಮಾಡಾಕ ಬರಲ್ಲ." ಮೂರನೇ ಸಲ, "ಹಳೇ ಗಾಡಿ ಅಂತ ಗೊತ್ತಿದ್ದೇ ತಗಂಡ್ರಲ್ಲ?"

ಸೀಟು ಬಿಚ್ಚಿದೆವು. ಬರ್ನರ್ ತುಂಬಾ ಮಸಿ, ಗ್ಲೋ ಪ್ಲಗ್ಗಿನ ಜಾಲರಿ ಕಟ್ಟಿಹೋಗಿತ್ತು. ಅದು ಬಿಡಿ, ಬದಲಾಯಿಸಬಹುದು. ಆದರೆ ಹೊಗೆ ಪೈಪು? ಹೀಟರಿನಿಂದ ನೇರ ನೆಲದ ಕೆಳಗೆ ಇಳಿಯಬೇಕಾದ 24 ಮಿ.ಮೀ. ಪೈಪನ್ನ ಸೀಟಿನಡಿ, ಗಾಡಿ ಒಳಗೇ ಜೋಡಿಸಿ ಎಂ-ಸೀಲ್ ಮೆತ್ತಿದ್ದರು. ಸುಟ್ಟು ಬಿರುಕು ಬಿಟ್ಟಿತ್ತು. ಅದರ ಮೇಲೇ ಹಾಸಿಗೆ. ಹೊಗೆಯಲ್ಲಿರೋ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳಲ್ಲ. ಹಾಸಿಗೆ ರೀ, ಅದರ ಮೇಲೆ ಹಾಸಿಗೆ!

ಇನ್ನೊಂದು. ಆಫ್ ಮಾಡಿದ ಮೇಲೆ ಫ್ಯಾನು ಕೆಲವು ನಿಮಿಷ ಓಡಿ ಒಳಗಿನ ಬಿಸಿ ಆರಿಸಬೇಕು. ಇವರು ವೈರನ್ನ ಮೇನ್ ಸ್ವಿಚ್ಚಿಗೆ ಕೊಟ್ಟಿದ್ದರು. ಸ್ವಿಚ್ ಎಳೆದರೆ ಫ್ಯಾನೂ ಬಂದ್, ಬಿಸಿ ಅಲ್ಲೇ ಕೂತು ಒಳಗಿನದೆಲ್ಲ ಬೇಯುತ್ತೆ. ಯುರೋಪಿನಲ್ಲಿ ಇಂಥ ಹೀಟರಿನ ಹೀಟ್ ಎಕ್ಸ್‌ಚೇಂಜರನ್ನ (ಬೆಂಕಿಯ ಹೊಗೆ ಬೆರೆಯದಂತೆ ಗಾಳಿಗೆ ಬಿಸಿ ದಾಟಿಸೋ ಲೋಹದ ಕವಚ) 10 ವರ್ಷಕ್ಕೆ ಬದಲಾಯಿಸಿ ಅಂತಾರೆ. ಇದರಲ್ಲಿ ಇಸವಿಯ ಚೀಟಿಯನ್ನೇ ಕಿತ್ತಿದ್ದರು.

ಅಷ್ಟಕ್ಕೂ ನಮಗೆ ಯಾಕೆ ಬೇಕಿತ್ತು? ನಮ್ಮ ಕಡೆ ಡಿಸೆಂಬರ್ ರಾತ್ರಿಗೆ ಒಂದು ಕಂಬಳಿ, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಗಾಳಿಗೆ ಎರಡು. ಲಡಾಖ್ ಆಸೆ ತೋರಿಸಿದರು. ಲೇಹ್ ಇರೋದು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ಎತ್ತರಕ್ಕೆ ತಕ್ಕಂತೆ ಪಂಪಿನ ಡೀಸೆಲ್ ಕಡಿಮೆ ಮಾಡದಿದ್ದರೆ ಸರಿಯಾಗಿರೋ ಹೀಟರೂ ಮಸಿ ಹಿಡಿಯುತ್ತೆ.

ಹೀಟರ್ ಇರೋ ಹಳೇ ಗಾಡಿ ನೋಡೋಕೆ ಹೋಗೋ ಹಿಂದಿನ ರಾತ್ರಿಯೇ "ನಾನು ಬರೋವರೆಗೂ ಆನ್ ಮಾಡಬೇಡಿ" ಅಂತ ಹೇಳಿ. ಬರೀ ಬ್ಯಾಟರಿ ಮೇಲೆ ಹಾಕಿಸಿ, ಅರ್ಧ ಗಂಟೆ ಓಡಲಿ. ಹೊಗೆ ಪೈಪಿಗೆ ಒಳಗೆ ಒಂದೇ ಒಂದು ಜಾಯಿಂಟ್ ಕಂಡರೂ ಹೀಟರ್ ರೇಟು ಸೊನ್ನೆ. ಕಿತ್ತು ಹಾಕಿ. ಕೀಳೋವಾಗ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಡೀಸೆಲ್ ಪೈಪನ್ನ ಮಡಚಿ ತಂತಿ ಸುತ್ತಿ ಬಿಡಬೇಡಿ, ಟ್ಯಾಂಕಿನ ಹತ್ತಿರವೇ ಮುಚ್ಚಳ ಹಾಕಿಸಿ. ನೆಲದ ತೂತುಗಳಿಗೆ ತಗಡು ರಿವೆಟ್ ಹೊಡೆಸಿ ಸೀಲ್ ಮಾಡಿಸಿ, ಇಲ್ಲದಿದ್ದರೆ ಎಂಜಿನ್ ಹೊಗೆ ಅಲ್ಲಿಂದ ಬರುತ್ತೆ.

ಕಿತ್ತ ಹೀಟರ್ ಈಗ ಗೋಣಿಚೀಲದಲ್ಲಿದೆ. ಮೊನ್ನೆ ಅವರದೇ ಮೆಸೇಜು: "ಬ್ಯಾಡಾದ್ರೆ ವಾಪಸ್ ಕೊಡ್ರಿ, 2,000 ಕೊಡ್ತೀನಿ." ಕೊಟ್ಟಿಲ್ಲ. ಕೊಟ್ಟರೆ ಇನ್ನೊಬ್ಬರ ಹಾಸಿಗೆ ಕೆಳಗೆ ಕೂರುತ್ತೆ.